ನೆಲಸಂಪಿಗೆಯ ಅವಸರ

ಬೆಟ್ಟಗಳಿಗೆ ಇನ್ನೂ ಹೆಸರಿಟ್ಟಿರಲಿಲ್ಲ, ಗಾಳಿಗೂ ಗೆಡ್ಡೆಗೂ ಮಾತು ಬರುತ್ತಿತ್ತು, ಅಂಥ ಕಾಲ. ಆಗ ನೆಲಸಂಪಿಗೆಯೂ ಎಲ್ಲ ಗಿಡಗಳ ಹಾಗೇ ಇತ್ತು ಮಗು. ಮಳೆಗಾಲ ಬಂದಾಗ ಮೊದಲು ಎಲೆ ಬರುತ್ತಿತ್ತು, ಉದ್ದನೆ ದಂಟಿನ ತುದಿಗೆ ಹೂವು ಆಮೇಲೆ.

ಬಿದಿರುಕಾಡಿನ ಮಗ್ಗುಲಲ್ಲಿ ಜಡೆಯ, ಕೇತವ್ವ ಅಂತ ಮುದಿ ಗಂಡಹೆಂಡಿರಿದ್ದರು. ಮರ ಹತ್ತಿ ಜೇನು ಇಳಿಸುವುದು ಅವನ ಕೆಲಸ, ಗೆಡ್ಡೆ ಅಗೆಯುವುದು ಅವಳದು. ಅಗೆದ ಮೇಲೆ ಗೆಡ್ಡೆಯ ತಲೆ ಮುರಿದು ಮತ್ತೆ ಗುಂಡಿಗೇ ಇಟ್ಟು ಮಣ್ಣು ಮುಚ್ಚಬೇಕು. ಅದು ಕಾಡಿನ ಕಟ್ಟಳೆ.

ಒಂದು ವರ್ಷ ಚಳಿ ಕಳೆಯುವ ಹೊತ್ತಿಗೆ ಕೇತವ್ವ ಹಾಸಿಗೆ ಹಿಡಿದಳು.

"ಮದುವೆ ದಿನ ಮಳೇಲಿ ನೆಂದುಕೊಂಡು ನೆಲಸಂಪಿಗೆ ತಂದು ಮುಡಿಸಿದ್ದೆಯಲ್ಲ, ಆ ವಾಸನೆ ಇನ್ನೊಂದು ಸಲ ಸಿಕ್ಕಿದ್ದರೆ! ಮಳೆಗಾಲದ ತನಕ ನಾನಿರೋಳಲ್ಲ ಕಣಯ್ಯಾ" ಅಂದಳು.

ಹೂವಂತೂ ಈಗ ಸಿಗದು, ಅದರ ಗೆಡ್ಡೆ ತೇದು ಹಚ್ಚಿದರೆ ನೋವಾದರೂ ಇಳಿದೀತು ಅಂತ ಜಡೆಯ ಅಗೆಯಲು ಹೋದ. ತಲೆ ಮುರಿದು ಗುಂಡಿಗೆ ಇಟ್ಟ. ಯಾವುದು ಮೇಲೆ, ಯಾವುದು ಕೆಳಗೆ ಅಂತ ಮರ ಹತ್ತುವವನಿಗೇನು ಗೊತ್ತು! ತಲೆಕೆಳಗಾಗಿ ಹೂತು, ಅಲ್ಲೇ ಕೂತು ಅತ್ತ.

ಮಣ್ಣೊಳಗೆ ಗದ್ದಲವೋ ಗದ್ದಲ.

"ಅಯ್ಯಯ್ಯೋ, ನಾನು ಕೆಳಗಾದೆನಲ್ಲ! ಸುತ್ತುಹಾಕಿ ಮೇಲೆ ಬರೋಕೆ ಮಳೆಗಾಲವೇ ಆಗುತ್ತೆ. ಅಲ್ಲೀತನಕ ಕಾಯಿ" ಅಂತು ಎಲೆಯ ಮೊಳಕೆ.

"ಮುದುಕ ಅತ್ತಿದ್ದು ಕೇಳಿಸಲಿಲ್ವಾ? ನಾನೀಗ ಮೇಲಾಗಿದ್ದೀನಿ, ಹೊರಟೆ" ಅಂತು ಮೊಗ್ಗು.

"ಎಲೆಯಿಲ್ಲ, ದಂಟಿಲ್ಲ, ಬರೀ ಮೈಯಲ್ಲೇ? ನಾಚಿಕೆ ಆಗಲ್ವಾ?"

"ನಾಚಿಕೆಯೆಲ್ಲ ಆಮೇಲೆ ಪಡೋಣ!"

ಮೂರನೆಯ ದಿನ ಬೆಳಗ್ಗೆ ಬಿದಿರಿನ ಒಣ ತರಗಿನ ನಡುವೆ, ನೆಲಕ್ಕೇ ಅಂಟಿಕೊಂಡು, ಬಿಳಿ-ನೇರಳೆ ಬಣ್ಣದ ಹೂವೊಂದು ಅರಳಿತು. "ಎಲಾ ಇದರ ಧೈರ್ಯವೇ!" ಅಂದ ಗಾಳಿ ಅದರ ವಾಸನೆಯನ್ನು ಗುಡಿಸಲಿಗೆ ಹೊತ್ತೊಯ್ದಿತು. ಕೇತವ್ವ ಕಣ್ಣು ಬಿಟ್ಟಳು. ಜಡೆಯ ಅವಳನ್ನು ಬೆನ್ನ ಮೇಲೆ ಕೂರಿಸಿಕೊಂಡು ಬಂದ.

ಮೊಣಕಾಲೂರಿ, ನೆಲಕ್ಕೆ ಮೂಗು ತಾಗಿಸಿ, ಹೊಟ್ಟೆತುಂಬ ಮೂಸಿದಳು. ಆಮೇಲೆ ಬೆರಳಿಂದ ಮಣ್ಣು ಕೆದಕಿ ನೋಡಿದಳು. "ಅಯ್ಯೋ ಮಂಕೇ, ತಲೆಕೆಳಗಾಗಿ ಹೂತಿದ್ದೀಯಲ್ಲೋ!" ಅಂತ ಕಣ್ಣಲ್ಲಿ ನೀರು ಬರುವ ತನಕ ನಕ್ಕಳು.

ಜಡೆಯ ಮುಡಿಸಲೆಂದು ಹೂವಿಗೆ ಕೈ ಹಾಕಿದ.

"ಬೇಡ, ಇಲ್ಲೇ ಇರಲಿ. ಮುಂದಿನ ವರ್ಷ ನೀನೊಬ್ಬನೇ ಬರ್ತೀಯಲ್ಲ" ಅಂದಳು.

ಮಳೆ ಬಂದಾಗ ಎಲೆ ಗೊಣಗಿಕೊಂಡು ಮೇಲೆ ಬಂತು. ಆ ಹೊತ್ತಿಗೆ ಕೇತವ್ವ ಇರಲಿಲ್ಲ. ಅಂದಿನಿಂದ ಪ್ರತಿ ವರ್ಷವೂ ನೆಲಸಂಪಿಗೆಗೆ ಹೂವೇ ಮೊದಲು, ಎಲೆ ಆಮೇಲೆ.

ಗೆಡ್ಡೆಯ ತಲೆಯನ್ನು ಮತ್ತೆ ಮಣ್ಣಿಗಿಡುವವರು ಕಡಿಮೆಯಾದರು, ನೆಲಸಂಪಿಗೆಯೂ ಅಪರೂಪವಾಯಿತು. ಆದರೂ ವಸಂತದಲ್ಲಿ ಒಣಗಿದ ಕಾಡಿಗೆ ಹೋಗಿ ನೋಡು ಮಗು: ಎಲೆಗೆ ಕಾಯದೆ, ದಂಟಿಗೂ ಕಾಯದೆ, ಅದು ಇವತ್ತಿಗೂ ಬರಿನೆಲದ ಮೇಲೇ ಅರಳಿರುತ್ತದೆ, ಮೂಸಬೇಕಾದರೆ ನೀನೂ ಕೇತವ್ವನ ಹಾಗೆ ಮೊಣಕಾಲೂರಲೇಬೇಕು.