ಹಾದಿ ಮುಗಿದಲ್ಲಿ ಬರೆದ ಬಾವಿ

“ಕೇಳ್ರಪ್ಪೋ ಕೇಳ್ರಿ, ಬಿಸಿಲಕೋಟೆ ದೊರೆಗಳ ಅಪ್ಪಣೆ. ಹೊಸ ಕೋಟೆಗೋಡೆಯ ಮೇಲೆ ಯಾರನ್ನೂ ಕೇಳದೆ ಬಣ್ಣ ಬರೆದ ಹೆಂಗಸು ಸಿಕ್ಕಿಬಿದ್ದಾಳೆ. ಅಮಾವಾಸ್ಯೆಗೆ ಅವಳನ್ನು ಹಗೇವಿಗೆ ಇಳಿಸುತ್ತಾರೆ. ಅಷ್ಟರೊಳಗೆ ದೊರೆಗಳ ಮೂರು ಒಗಟು ಬಿಡಿಸಿದವರಿಗೆ ಕೇಳಿದ್ದು ಸಿಗುತ್ತದೆ. ತಪ್ಪಿದವರು ಅವಳಿಗಿಂತ ಮೊದಲು ಇಳಿಯಬೇಕು.”

ಡಂಗುರ ಸಂತೆಪೇಟೆ ದಾಟಿ ಹೋಯಿತು. ಊರೂರು ತಿರುಗಿ ಸಾಣೆ ಹಿಡಿಯುವ ಮಾಳಿಂಗ ಅವತ್ತೇ ಊರಿಗೆ ಬಂದಿದ್ದ. ಕೈಯಲ್ಲಿದ್ದ ಕುಡುಗೋಲು ಹಾಗೇ ನಿಂತಿತು. ಆ ಊರಲ್ಲಿ ಗೋಡೆಗೆ ಬಣ್ಣ ಬರೆಯುವ ಹೆಂಗಸು ಒಬ್ಬಳೇ, ಅವನ ಅಕ್ಕ ಬಾಳವ್ವ.

ಹಗೇವು ಎಂದರೆ ಕಾಳು ತುಂಬುವ ನೆಲಗುಳಿ. ಬಾಯಿ ಕಿರಿದು, ಹೊಟ್ಟೆ ದೊಡ್ಡದು. ಖಾಲಿ ಹಗೇವಿನ ಗಾಳಿ ಕೆಟ್ಟದ್ದು. ದೀಪ ಇಳಿಬಿಟ್ಟರೆ ದೀಪ ಆರುತ್ತದೆ, ಮನುಷ್ಯನನ್ನು ಇಳಿಬಿಟ್ಟರೆ ಮನುಷ್ಯ. ಮೇಲೊಂದು ಕಲ್ಲು ಮುಚ್ಚಿ ಕೆಸರು ಮೆತ್ತಿದರೆ ಕೂಗೂ ಕೇಳುವುದಿಲ್ಲ.

ಬಾಳವ್ವ ಮದುವೆ ಮನೆಗಳ ಗೋಡೆಗೆ ಚಿತ್ರ ಬರೆದು ಬದುಕುತ್ತಿದ್ದವಳು. ದೊರೆ ಕೋಟೆಯನ್ನು ಹಿಗ್ಗಿಸಿದಾಗ ಊರಿನ ಮೆಟ್ಟಿಲಬಾವಿ ಗೋಡೆಯ ಒಳಗೆ ಸೇರಿಹೋಯಿತು. ಬಾವಿಯ ಹಾದಿ ಗೋಡೆಗೆ ಬಡಿದು ಮುಗಿಯಿತು. ಹಾದಿ ಮುಗಿದ ಆ ಜಾಗದಲ್ಲೇ ಅವಳು ಕೆಮ್ಮಣ್ಣು, ಮಸಿ, ನೀಲಿ ಕಲಸಿ ಮೆಟ್ಟಿಲು ಬರೆದಳು, ಮೆಟ್ಟಿಲ ಕೆಳಗೆ ನೀರು ಬರೆದಳು. ಸವಾರಿ ಹೊರಟ ದೊರೆಯ ಕುದುರೆ ಆ ನೀರಿಗೆ ಮೂತಿ ಇಟ್ಟಿತು. ನೋಡಿದವರಲ್ಲಿ ಒಬ್ಬರೂ ನಗಲಿಲ್ಲ. ದೊರೆ ಬೆವತುಬಿಟ್ಟ. ಸುಣ್ಣ ಬಳಿಸಿದ. ಕೆಮ್ಮಣ್ಣು ಸುಣ್ಣವನ್ನು ಹಾಯ್ದು ಮೇಲೆ ಬಂತು. ಅಂದಿನಿಂದ ದೊರೆಗೆ ಅನ್ನ ಸೇರುತ್ತಿಲ್ಲ ಎಂದು ಅರಮನೆಯ ಆಳುಗಳೇ ಪಿಸುಗುಟ್ಟುತ್ತಿದ್ದರು.

ಮರುದಿನ ಹಗೇವಿನ ಬಯಲಿನಲ್ಲೇ ಸಭೆ. ಎರಡು ಕಲ್ಲು ಸರಿಸಿ ಎರಡು ಬಾಯಿ ತೆರೆದಿಟ್ಟಿದ್ದರು. ಅಲ್ಲಿಂದ ಮುಗ್ಗಲು ವಾಸನೆ ಬರುತ್ತಿತ್ತು. ಬೇಡಿ ಹಾಕಿ ಕೂಡಿಸಿದ್ದ ಬಾಳವ್ವ ತಮ್ಮನನ್ನು ಕಂಡವಳೇ ಮುಖ ತಿರುಗಿಸಿದಳು. “ತಿರುಗೋ ಕಾಲು ನಿನ್ನವು. ಇವತ್ತ್ಯಾಕ ಇಲ್ಲಿ ನಿಂತಾವು? ಹೋಗು.”

ಮೊದಲು ಬಂದವನು ಆಸ್ಥಾನದ ಚಿತ್ರಗಾರ ಗುರುಪಾದಯ್ಯ.

ದೊರೆ ಕೇಳಿದ: “ಅದು ನನ್ನದು. ನನ್ನ ಖರ್ಚಿನಲ್ಲಿ ಬೆಳೆದದ್ದು. ಊರವರೆಲ್ಲ ದಿನಾ ಅದನ್ನು ನೋಡುತ್ತಾರೆ, ಅರಮನೆಯಲ್ಲಿ ಕೂತ ನನಗೆ ಕಾಣುವುದಿಲ್ಲ. ಏನದು?”

“ತಮ್ಮ ಬೆನ್ನು, ಪ್ರಭು.”

“ಎರಡು ಕನ್ನಡಿ ಇದ್ದರೆ ಬೆನ್ನು ಕಾಣುತ್ತದೆ,” ಎಂದ ದೊರೆ, ಮೆಲ್ಲಗೆ. ಗುರುಪಾದಯ್ಯನನ್ನು ಹಗ್ಗ ಕಟ್ಟಿ ಇಳಿಸಿದರು. ಒಳಗಿನಿಂದ ಶಿವಶಿವಾ ಎನ್ನುವುದು ಕೇಳುತ್ತಿತ್ತು. ಕಲ್ಲು ಬಿತ್ತು.

ಕುದುರೆ ವ್ಯಾಪಾರಿಯ ಮಗ ದಾವಲ ಮೀಸೆ ತೀಡುತ್ತ ಮುಂದೆ ಬಂದ. “ಮೊದಲನೇದು ಆಮ್ಯಾಲ ನೋಡೋಣ. ಎರಡನೇದು ಹೇಳ್ರಿ.”

“ಮುಚ್ಚಿದಷ್ಟೂ ಎದ್ದು ಕಾಣುವುದು ಯಾವುದು?”

“ಬಸಿರು,” ಅಂದ ದಾವಲ. ಸಭೆಯಲ್ಲಿ ಕಿಸಕ್ಕೆಂದವರು ದೊರೆಯ ಮುಖ ನೋಡಿ ಬಾಯಿಗೆ ಸೆರಗು, ರುಮಾಲು ಒತ್ತಿಕೊಂಡರು.

“ಬಸಿರು ತಿಂಗಳು ತುಂಬಿದರೆ ಇಳಿಯುತ್ತದೆ. ನಾನು ಕೇಳಿದ್ದು ಇಳಿಯುವುದಿಲ್ಲ.”

ಎರಡನೆಯ ಕಲ್ಲೂ ಬಿತ್ತು. ಆಳುಗಳು ಮೂರನೆಯ ಹಗೇವಿನ ಕಲ್ಲು ಸರಿಸುತ್ತಿರುವಾಗ ಮಾಳಿಂಗ ಎದ್ದುನಿಂತ. ಒಗಟು ಕೇಳುವಾಗೆಲ್ಲ ದೊರೆಯ ಕಣ್ಣು ಸುಣ್ಣ ಬಳಿಸಿದ ಗೋಡೆಯ ಕಡೆಗೇ ಹೊರಳುವುದನ್ನು ಅವನು ನೋಡಿದ್ದ. ಈ ಮನುಷ್ಯ ಒಗಟು ಕಟ್ಟಿಲ್ಲ, ತನಗೆ ಅಂಜಿಕೆ ಆದದ್ದನ್ನೇ ಕೇಳುತ್ತಿದ್ದಾನೆ ಎನಿಸಿತು.

“ಮೊದಲನೇದು, ನಿಮ್ಮ ಗೋಡಿಯ ಹೊರಮೈ ರೀ,” ಎಂದ. “ಒಳಗ ಇರೋರಿಗೆ ಅದು ಕಾಣೂದಿಲ್ಲ. ಹೊರಗಿನವರು ದಿನಾ ಅದರ ಮುಂದ ಖಾಲಿ ಕೊಡ ಹಿಡಕೊಂಡು ನಿಂದರತಾರ. ಎರಡನೇದು, ಸುಣ್ಣ ಬಳಿಸಿದ ಜಾಗ. ಮೊದಲು ಚಿತ್ರ ನೋಡದವರೂ ಈಗ ಇಲ್ಲೇನಿತ್ತು ಅಂತ ಕೇಳಾಕ ಹತ್ಯಾರ.”

ಹಗ್ಗ ತಂದ ಆಳುಗಳನ್ನು ದೊರೆ ಕೈಸನ್ನೆಯಿಂದ ತಡೆದ. ಮೂರನೆಯದನ್ನು ಕೇಳಿದ. “ಒಂದೇ ಕೈ, ಒಂದೇ ಬಣ್ಣ. ಮದುವೆ ಮನೆಗೆ ಬರೆದರೆ ಉಡಿ ತುಂಬುತ್ತಾರೆ. ನನ್ನ ಗೋಡೆಗೆ ಬರೆದರೆ ಕೈಗೆ ಬೇಡಿ. ಹಾಗಾದರೆ ಬರೆದದ್ದು ಚಿತ್ರವೋ, ಗೋಡೆಗೆ ಮಾಡಿದ ಕೇಡೋ?”

“ಇದರ ಉತ್ತರ ನಿಮಗೆ ಗೊತ್ತೈತೇನ್ರಿ?”

“ಇಲ್ಲ,” ಎಂದ ದೊರೆ.

ಉತ್ತರ ಗೊತ್ತಿಲ್ಲದವನು ಸರಿ ತಪ್ಪು ಹೇಗೆ ಹೇಳುತ್ತಾನೆ? ಚಿತ್ರ ಎಂದರೆ ಅಕ್ಕನ ಪರವಾಗಿ ಸುಳ್ಳು ಹೇಳಿದ ಎನ್ನಬಹುದು. ಕೇಡು ಎಂದರೆ ಅಕ್ಕ ಗುಳಿಗೆ ಹೋಗುತ್ತಾಳೆ. ಅಕ್ಕನ ಕಡೆ ನೋಡಿದ. ಅವಳು ಕಣ್ಣು ಮುಚ್ಚಿಕೊಂಡಿದ್ದಳು.

“ಎರಡೂ ಹೌದ್ರಿ,” ಎಂದ. “ಕದ್ದ ಮಾವಿನಹಣ್ಣು ಸಿಹಿ ಇರತೈತಿ. ಸಿಹಿ ಐತಿ ಅಂತ ಕಳವು ಮಾಫ ಆಗೂದಿಲ್ಲ. ಕಳವು ಅಂತ ಹಣ್ಣು ಕಹಿ ಆಗೂದಿಲ್ಲ. ಅಕ್ಕ ಕೇಳದ ಬರದಾಳ, ತಪ್ಪು. ಬರದದ್ದು ಚಿತ್ರ, ನಿಮ್ಮ ಕುದುರೀನ ಸಾಕ್ಷಿ. ತಪ್ಪಿಗೆ ತಪ್ಪಿನಷ್ಟ ದಂಡ ಹಾಕ್ರಿ. ಸುಣ್ಣದಾಗ ತೀರೋ ತಪ್ಪಿಗೆ ಜೀವ ಕೇಳಬ್ಯಾಡ್ರಿ.”

ತೆರೆದ ಮೂರನೆಯ ಗುಳಿಯ ಬಾಯಿ ಮಾಳಿಂಗನ ಹಿಂದೆಯೇ ಇತ್ತು. ಅದರ ವಾಸನೆ ಅವನ ಕುತ್ತಿಗೆಗೆ ತಾಗುತ್ತಿತ್ತು.

“ಕಲ್ಲು ತೆಗೆಯಿರಿ,” ಎಂದ ದೊರೆ.

ದಾವಲನನ್ನು ಎಳೆದು ಹಾಕಿದಾಗ ಇನ್ನೂ ಕೆಮ್ಮುತ್ತಿದ್ದ. ಗುರುಪಾದಯ್ಯ ಕೆಮ್ಮಲಿಲ್ಲ. ದೊರೆ ಆ ಮುಖವನ್ನು ನೋಡಿದ, ತನ್ನ ಶಾಲನ್ನು ತಾನೇ ಅದರ ಮೇಲೆ ಹೊದಿಸಿದ. ಬಾಳವ್ವನ ಬೇಡಿ ಕಳಚಿಸಿ, ಗೋಡೆ ಕೆಡಿಸಿದ್ದಕ್ಕೆ ಕೋಟೆಗೆಲ್ಲ ಸುಣ್ಣ ಬಳಿಯಬೇಕೆಂದು ದಂಡ ಹಾಕಿದ. ಮಾಳಿಂಗನಿಗೆ, “ಕೇಳು,” ಎಂದ.

“ಚಿತ್ರ ಇದ್ದಲ್ಲಿ ಒಂದು ಬಾಗಿಲು ಬೇಕ್ರಿ.”

“ಅದನ್ನು ಒಡೆಯಬೇಕಾಗುತ್ತದಲ್ಲ,” ದೊರೆಯ ದನಿ ಈಗ ಬೇರೆಯಾಗಿತ್ತು. “ಪಕ್ಕದಲ್ಲಿ ಕೊಡುತ್ತೇನೆ. ಚಿತ್ರ ಉಳಿಯಲಿ.”

ಬಾಳವ್ವ ಮುಂಗೈ ತಿಕ್ಕಿಕೊಳ್ಳುತ್ತ ಎದ್ದಳು. “ಹಾದಿ ಅಲ್ಲೇ ಬರತೈತ್ರಿ ದೊರಿ. ನಾ ಬರದದ್ದು ನೋಡಾಕಲ್ಲ, ಇಳಿಯಾಕ.”

ಗೋಡೆಯ ಮುಂದೆ, ದೊರೆಯ ಕಣ್ಣೆದುರೇ, ಹಾರೆಯ ಮೊದಲ ಪೆಟ್ಟು ಅವಳದೇ. ನೀಲಿ ಚಕ್ಕೆ ಉದುರಿತು, ಕೆಂಪು ಉದುರಿತು, ಕಲ್ಲು ಕಂಡಿತು. ಆಳುಗಳು ಸೇರಿ ಕಂಡಿ ದೊಡ್ಡದು ಮಾಡಿದಾಗ ಆಚೆಯಿಂದ ತಣ್ಣನೆಯ ಗಾಳಿ ಬೀಸಿತು. ಊರವರು ಕೊಡ ಹಿಡಿದು ಬಂದು ಕಂಡಿಯ ಮುಂದೆ ನಿಂತರು. ಒಳಗೆ ಬಾವಿ ಕಾಯುವ ಕಾವಲುಗಾರ ಈಟಿ ಹಿಡಿದು ಇನ್ನೂ ನಿಂತೇ ಇದ್ದ. ಒಬ್ಬರೂ ಮುಂದೆ ಹೋಗಲಿಲ್ಲ.

ಮಾಳಿಂಗ ಕಾವಲುಗಾರನ ಮುಖ ನೋಡಿದ, ದೊರೆಯ ಮುಖ ನೋಡಿದ. ಆಮೇಲೆ ಪಕ್ಕದ ಮುದುಕಿಯ ಕೊಡ ಇಸಕೊಂಡು ಮೊದಲ ಮೆಟ್ಟಿಲಿಗೆ ಕಾಲಿಟ್ಟ.