ಬರ್ತೀನಿ ಎಂದು ಎದ್ದವಳು

“ಹರಿ… ಹರಿ… ಎಂಥದೋ ಅಂತಿದ್ವಿ,” ನೀಲವ್ವ ನದಿಯ ಕಡೆ ನೋಡುತ್ತ ತಡವರಿಸಿದಳು. “ಬುಟ್ಟಿಯಂಗ ದುಂಡಗ ಇರ್ತೈತಿ. ಕುಂತು ಹೊಳಿ ದಾಟ್ತಾರ.”

“ಹರಿಗೋಲ್ರೀ ಅವ್ವಾರ,” ಎಂದಳು ಬಾಗಿಲಲ್ಲಿ ನಿಂತ ದಾನೇಶ್ವರಿ.

“ಹ್ಞಾಂ, ಹರಿಗೋಲು. ಬಾಯಾಗ ಇತ್ತು, ಹೊರಗ ಬರವಲ್ದಾಗಿತ್ತು. ಒಳಗ ಬಾ. ಮಾರಿ ಯಾಕ ಸಣ್ಣದಾಗೈತಿ?”

ನೀಲವ್ವ ಹುನಗುಂದದ ಕಡೆಯವಳು. ಮದುವೆಯಾಗಿ ಹಂಗೇರಿಗೆ ಬಂದು, ತಿಸಾ ನದಿಯ ದಂಡೆಯಲ್ಲೇ ಮುದುಕಿಯಾದವಳು. ಆ ಸೀಮೆಗೆ ಬಂದ ಕನ್ನಡದವರಿಗೆಲ್ಲ ಅಲ್ಲಿಯ ಮಾತು ಕಲಿಸುವ ಗುರು ಅವಳೇ.

ದಾನೇಶ್ವರಿ ಹೊಸ ಶಿಷ್ಯೆ. ಮೇದಾರರ ಮನೆಯ ಹುಡುಗಿ, ಬಿದಿರು ಹೆಣೆದ ಕೈ. ಆ ನದಿಯ ದಂಡೆಯಲ್ಲಿ ವಿಲೋ ಎಂಬ ಗಿಡ ಬೆಳೆಯುತ್ತದೆ. ಅದರ ಬಳುಕುವ ಕಡ್ಡಿಯಲ್ಲಿ ಬುಟ್ಟಿ ಹೆಣೆಯುವುದನ್ನು ಕಲಿಯಬೇಕೆಂದು ಅಷ್ಟು ದೂರ ಬಂದಿದ್ದಳು. ಕಲಿಸುತ್ತೇನೆಂದು ಒಪ್ಪಿದವಳು ನೆರೆಮನೆಯ ಮುದುಕಿ ಮಾರ್ಗಿತ್. ಅವಳು ಒಲ್ಲೆ ಎಂದರೆ ಆ ಊರಲ್ಲಿ ಕಲಿಸುವವರು ಇನ್ನೊಬ್ಬರಿರಲಿಲ್ಲ.

“ಮಾರ್ಗಿತವ್ವಾರು ನನ್ನ ನೋಡಿ ಬಾಗಿಲ ಹಾಕ್ಕೊಂಡ್ರರಿ,” ಎಂದಳು ದಾನೇಶ್ವರಿ. “ನಾನಿನ್ನು ಊರಿಗೆ ಬರಿಗೈಲೆ ಹೋಗೋದ.”

“ಏನ್ ಮಾಡಿದಿ?”

“ಏನೂ ಇಲ್ಲರಿ. ನಿನ್ನೆ ಮಧ್ಯಾಹ್ನ ಊಟಕ್ಕ ಕರೆದಿದ್ರು. ದೊಡ್ಡ ಬಟ್ಟಲ ತುಂಬ ಸಾರು ಕೊಟ್ರು, ಶಾವಿಗಿ ಹಾಕಿದ್ದು. ಪೂರಾ ಕುಡಿದೆ. ಕೈ ಮುಗಿದು ಎದ್ದು ಬಂದೆ.”

“ಬರೇ ಸಾರು ಕುಡಿದು?”

“ಸಾರು ಬಂದಮ್ಯಾಲ ಇನ್ನೇನು ಬರ್ತೈತ್ರಿ? ಮಜ್ಜಿಗಿ ಇಲ್ಲೇನೋ ಅಂದ್ಕೊಂಡೆ.”

“ಹುಚ್ಚಿ, ಇಲ್ಲಿ ಸಾರು ಅಂದ್ರ ಎಲಿಗೆ ನೀರು ಚಿಮುಕಿಸಿದಂಗ. ಊಟ ಅದರ ಹಿಂದಿಂದ ಬರ್ತೈತಿ. ಏಳುವಾಗ ಏನಂದಿ?”

“ಹೋಗ್ತೀನಿ ಅನ್ನಬಾರದಲ್ಲರಿ. ಬರ್ತೀನಿ ಅಂದೆ. ಅವರ ಮಾತಿನಾಗ, ‘ಯೊವೊಕ್’. ನೀವ ಕಲಿಸಿದ್ದು.”

ನೀಲವ್ವ ನಕ್ಕಳು. ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ನಕ್ಕಳು. ಮೂಲೆಯಲ್ಲಿ ಪಾಟಿಯ ಮೇಲೆ ಕನ್ನಡ ಅಕ್ಷರ ತಿದ್ದುತ್ತಿದ್ದ ಮೊಮ್ಮಗಳು ಪನ್ನಿ ತಲೆ ಎತ್ತಿ ನೋಡಿದಳು.

“ನನ್ನ ಹೊಟ್ಟಿ ಉರಿಯಾಕತ್ತೈತಿ, ನೀವು ನಗ್ತೀರಿ.”

“ಬರ್ತೀನಿ ಅಂದವರು ಹೊಂಟರು ಅಂತ ನಮ್ಮ ಕಡೆ ಕೂಸಿಗೂ ಗೊತ್ತು. ಮಾರ್ಗಿತ್‌ಗೆ ಹೆಂಗ ಗೊತ್ತಾಗಬೇಕು? ಹುಡುಗಿ ಕೈ ತೊಳಕೊಂಡು ಬರ್ತಾಳ ಅಂತ ಪ್ಲಮ್ ಹಣ್ಣಿನ ಕಡುಬು ಮಾಡಿ ಕಾಯ್ಕೋತ ಕುಂತಾಳ. ತಟ್ಟಿ ಮುಂದಿಟ್ಕೊಂಡು ಸಂಜೀತನಕ ಬಾಗಿಲಾಗ ಕುಂತಿದ್ದು ನಾನ ನೋಡೀನಿ, ಯಾಕಂತ ಈಗ ತಿಳೀತು.”

ದಾನೇಶ್ವರಿ ನೆಲದ ಮೇಲೆ ಕುಳಿತುಬಿಟ್ಟಳು.

“ಈಗ ಬರೋದು ಬ್ಯಾರೆ, ಮುಂದೆಂದೋ ಬರೋದು ಬ್ಯಾರೆ. ಎರಡು ಮಾತು ಕಲಿಸಬೇಕಿತ್ತರಿ ನೀವು.”

“ಆಗಿಹೋದದ್ದಕ್ಕ ಇವರಲ್ಲಿ ಒಂದು ರೂಪ ಐತಿ. ಈಗಿನದಕ್ಕೂ ನಾಳಿನದಕ್ಕೂ ಬಹಳ ಮಟ್ಟಿಗೆ ಒಂದ. ನಾಳೆ ಅಂತ ತಿಳೀಬೇಕಂದ್ರ ಮಗ್ಗಲಿಗೆ ‘ನಾಳೆ’ ಅಂತ ಇಡ್ತಾರ.”

“ನಾನು ಇಡಲಿಲ್ಲ.”

“ಇಡಲಿಲ್ಲ.”

“ಹಂಗಾದ್ರ ನಾ ಆಕಿಗೆ ಸುಳ್ಳು ಹೇಳಿದಂಗ ಆತು.”

“ಇನ್ನೂ ಆಗಿಲ್ಲ,” ಎಂದಳು ನೀಲವ್ವ.

ದಾನೇಶ್ವರಿಗೆ ಅದು ತಿಳಿಯಲಿಲ್ಲ. “ತಪ್ಪಾತು, ನಿನ್ನೆ ನನಗ ಗೊತ್ತಾಗಲಿಲ್ಲ, ಇನ್ನೊಮ್ಮೆ ಹಿಂಗ ಮಾಡೂದಿಲ್ಲ. ಇಷ್ಟು ಅವರ ಮಾತಿನಾಗ ಹೇಳಿಕೊಡ್ರಿ. ಬಾಯಿಪಾಠ ಮಾಡ್ತೀನಿ.”

ನೀಲವ್ವ ಮೊಣಕಾಲು ಹಿಡಿದುಕೊಂಡು ಎದ್ದಳು. ಬಾಗಿಲಿಗೆ ಹೋಗಿ, ದಾನೇಶ್ವರಿ ಬಿಟ್ಟಿದ್ದ ಚಪ್ಪಲಿಗಳನ್ನು ಕಾಲಿನಿಂದ ಸರಿಸಿ ಮಾರ್ಗಿತ್‌ಳ ಮನೆಯ ಕಡೆಗೆ ತಿರುಗಿಸಿಟ್ಟಳು.

“ಬರ್ತೀನಿ ಅಂದಿದ್ದಿ. ಹೋಗು. ಸ್ವಲ್ಪ ತಡ ಆಗೈತಿ, ಅಷ್ಟ.”

“ಬಾಗಿಲ ತೆಗೀಲಿಲ್ಲಂದ್ರ?”

“ಹಸಿವಿ ಆಗೈತಿ ಅಂತ ತೋರಿಸು.”

“ಬೈದ್ರ?”

“ಬೈಸಿಕೋತ ಉಣ್ಣು.”

ದಾನೇಶ್ವರಿ ಹೋಗಿ ಬಾಗಿಲು ಬಡಿದಳು. ಮಾರ್ಗಿತ್ ಅರ್ಧ ತೆಗೆದು, ಅಡಿಯಿಂದ ಮುಡಿಯವರೆಗೆ ನೋಡಿದಳು. ಕಲಿತ ಮಾತೆಲ್ಲ ಮರೆತುಹೋಯಿತು. ದಾನೇಶ್ವರಿ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ನಿಂತಳು.

ಮಾರ್ಗಿತ್ ಬೈಯತೊಡಗಿದಳು. ಬೈಯುತ್ತಲೇ ಕುರ್ಚಿ ಎಳೆದಳು. ಬೈಯುತ್ತಲೇ ನಿನ್ನೆಯ ಕಡುಬುಗಳನ್ನು ಬೆಣ್ಣೆಯಲ್ಲಿ ಹೊರಳಾಡಿಸಿ, ಸಕ್ಕರೆ ಉದುರಿಸಿ ಮುಂದಿಟ್ಟಳು. ತಟ್ಟೆ ಖಾಲಿಯಾದಾಗ ಬೈಗುಳವೂ ಖಾಲಿಯಾಗಿತ್ತು. ಆಮೇಲೆ ನೆನೆಸಿಟ್ಟ ಕಡ್ಡಿಯ ಒಂದು ಕಟ್ಟು ತಂದು ಅವಳ ತೊಡೆಯ ಮೇಲೆ ಹಾಕಿದಳು.

ದಾನೇಶ್ವರಿ ಬಿದಿರಿನಂತೆ ಬಿಗಿಹಿಡಿದು ಬಗ್ಗಿಸಿದಳು. ಕಡ್ಡಿ ಲಟಕ್ಕೆಂದಿತು. ಮಾರ್ಗಿತ್ ಅವಳ ಮಣಿಕಟ್ಟಿಗೆ ಮೆಲ್ಲಗೆ ಹೊಡೆದು, ಇನ್ನೊಂದು ಕಡ್ಡಿ ಕೊಟ್ಟು ನಕ್ಕಳು.

ಬಿಸಿಲು ತಗ್ಗಿದಾಗ ದಾನೇಶ್ವರಿ ಕಡ್ಡಿಯ ಹಸಿರು ಹತ್ತಿದ ಬೆರಳುಗಳೊಂದಿಗೆ ನೀಲವ್ವನ ಮನೆಗೆ ಓಡಿಬಂದಳು.

“ಕಲಿಸ್ತಾರರಿ ಅವ್ವಾರ. ಬುಡ ಕಟ್ಟೋದು ಹೇಳಿಕೊಟ್ರು.”

“ಬೇಷಾತು. ಏಳುವಾಗ ಏನಂದಿ?”

ದಾನೇಶ್ವರಿ ನಾಲಿಗೆ ಕಚ್ಚಿಕೊಂಡಳು.

“ಹೋಗ್ತೀನಿ ಅನ್ನಾಕ ಬಾಯಿ ಬರಲಿಲ್ಲರಿ. ಬರ್ತೀನಿ ಅನ್ನಾಕ ಅಂಜಿಕಿ. ಅವರು ಒಲಿ ಕಡೆ ತಿರುಗಿದ್ರು, ನಾ ಸುಮ್ಮನ ಎದ್ದು ಬಂದೆ.”

“ಬರ್ತೀನಿ ಅನ್ನದ ಎದ್ದಾಕಿ ಇನ್ನೂ ಹೊಂಟಂಗಲ್ಲ,” ಎಂದು ನೀಲವ್ವ ಮೊಮ್ಮಗಳ ಕಡೆ ತಿರುಗಿದಳು.

“ಪನ್ನೀ, ಪಾಟಿ ತಗೊಂಡು ಬರಕೋ. ‘ದಾನೇಶ್ವರಿ ಇನ್ನೂ ಮಾರ್ಗಿತ್ ಮನೆಯಾಗ ಅದಾಳ.’”