ಕಾಗೆ ಕರಿಬಸಪ್ಪನ ಬ್ಯಾಚು

ನಂಬದವರು ಈಗಲೇ ಎದ್ದು ಹೋಗಿ: ನಮ್ಮೂರ ಹೈಸ್ಕೂಲಿನ ಕಿಟಕಿಯಲ್ಲಿ ಕೂತು, ಒಂದು ದಿನವೂ ತಪ್ಪಿಸದೆ ಹತ್ತನೇ ತರಗತಿ ಮುಗಿಸಿದ ಗಂಡೆಂದರೆ ಕರಿಬಸಪ್ಪನೆಂಬ ಕಾಗೆ. ಅವನ ಬ್ಯಾಚಿನವರು ವರ್ಷಕ್ಕೊಮ್ಮೆ ಶಾಲೆಯಲ್ಲಿ ಸೇರುತ್ತಾರೆ. ಈ ಸಲ ಅವನು ಎದೆಯುಬ್ಬಿಸಿಕೊಂಡು ಹಳೇ ಹಾಜರಿ ಪುಸ್ತಕದ ಮುಂದೆ ನಿಂತ.

“ಅಜ್ಜಾ, ನನ್ನ ಹೆಸರನ್ನೂ ಬರಕೋ.”

“ತರಗತಿಗೆ ನಲವತ್ತೆರಡೇ ಜನ. ಕಾಗೆಗೆ ಜಾಗವಿಲ್ಲ,” ಎಂದಿತು ಪುಸ್ತಕ.

“ಹಾಗಾದರೆ ಶಾಲೆ ಮೊದಲು ಶುರುವಾದದ್ದು ಎಲ್ಲಿ, ಹೇಳು ನೋಡೋಣ. ಹೊರಗೆ ನಮ್ಮ ಬ್ಯಾಚಿನವರು, ನಿನ್ನ ಮಕ್ಕಳು, ಅದಕ್ಕೇ ಕಿತ್ತಾಡುತ್ತಿದ್ದಾರೆ. ಈಗ ನಿನ್ನನ್ನೇ ಕೇಳಲು ಬರುತ್ತಾರೆ.”

ಪುಸ್ತಕ ತನ್ನ ಮೊದಲ ಪುಟ ತೆರೆದು ನೋಡಿತು. “ಅದನ್ನು ಬರೆದಿದ್ದ ಹಾಳೆ ಗೆದ್ದಲಿಗೆ ಹೋಯಿತು. ಉಳಿದ ಚೂರಿನಲ್ಲಿ ಕೆಂಪು ಮಣ್ಣಿನ ಕಲೆಯಷ್ಟೇ ಇದೆ.”

“ಅದು ಗರಡಿಮನೆಯ ಮಣ್ಣು! ಮೊದಲ ಮಾಸ್ತರರು ಪಾಠ ಹೇಳಿದ್ದು ಅಲ್ಲೇ. ನಮ್ಮ ಮುತ್ತಜ್ಜಿ ಅವರ ರೊಟ್ಟಿ ಹಾರಿಸಿ, ಅದಕ್ಕೆ ಮೆತ್ತಿದ ಮಣ್ಣು ತಿಂದು ಮೂರು ದಿನ ಕೆಮ್ಮಿದಳು. ಅಂದಿನಿಂದ ಪ್ರತಿ ಬ್ಯಾಚಿನ ಬುತ್ತಿಯ ರುಚಿ ನಮ್ಮ ಮನೆತನಕ್ಕೆ ಬಾಯಿಪಾಠ!”

“ಎಲವೋ, ನನ್ನ ಮಕ್ಕಳ ಬುತ್ತಿ ಕದ್ದವರು ನೀವೇನು?”

“ಮತ್ತೇನು, ಚರಿತ್ರೆ ನೆನಪಿಡೋರು ಉಪವಾಸ ಇರಬೇಕಾ?”

ಬಾಗಿಲಲ್ಲಿ ಚಪ್ಪಲಿ ಸದ್ದಾಯಿತು. ಪುಸ್ತಕಕ್ಕೆ ಬೇರೆ ದಾರಿ ಇರಲಿಲ್ಲ; ಆ ಉತ್ತರಕ್ಕೆ ಸಾಕ್ಷಿ ಕಾಗೆಯೊಬ್ಬನೇ.

ಕರಿಬಸಪ್ಪನಿಗೆ ಕೊನೆಗೆ ಸಿಕ್ಕಿದ್ದು ಹಾಜರಿ ಸಂಖ್ಯೆ ನಲವತ್ತಮೂರು. ನಡತೆಯ ಕಾಲಂನಲ್ಲಿ: ಕಳ್ಳ.